ಆರು ಪೆಟ್ಟಿಗೆ ಟೊಮೆಟೊ, ಒಂದು ತಟ್ಟೆ ಪಾಸ್ತಾ

ಮಗಳು ಬೆಂಗಳೂರಿನಲ್ಲಿ ಓದಲು ಸೇರಿದಾಗ ಅವಳ ಹೆಸರಿನಲ್ಲೊಂದು ಬ್ಯಾಂಕ್ ಖಾತೆ ತೆರೆಯಬೇಕಾಯಿತು. ಅರ್ಜಿ ತುಂಬಿದವನು ನಾನು. ಮೊಬೈಲ್ ನಂಬರು ಬರೆಯುವ ಚೌಕಗಳ ಮುಂದೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ನನ್ನ ನಂಬರನ್ನೇ ಬರೆಯಿತು. ಪೆನ್ನು ಬರೆಯಿತು ಎಂದು ಹೇಳುತ್ತಿದ್ದೇನೆ, ಗಮನಿಸಿ. ಹೆಣ್ಣುಮಗುವನ್ನು ಊರಿಂದಾಚೆ ಓದಲು ಕಳಿಸಿದ ತಂದೆಯರಿಗೆ ಇದು ಅರ್ಥವಾದೀತು.

ಅಂದಿನಿಂದ ಅವಳು ಅಲ್ಲಿ ಕಾರ್ಡು ಉಜ್ಜಿದರೆ ಇಲ್ಲಿ ಮುಳಬಾಗಿಲಿನಲ್ಲಿ ನನ್ನ ಅಂಗಿಯ ಜೇಬು ‘ಟಿಣ್’ ಎನ್ನುತ್ತದೆ. ಪುಸ್ತಕದಂಗಡಿ, ಜೆರಾಕ್ಸ್, ಔಷಧಿ ಅಂಗಡಿ – ಮೊದಲ ಆರು ತಿಂಗಳು ಎಲ್ಲ ಸರಿಯಾಗಿಯೇ ಇತ್ತು. ಎರಡನೆಯ ಸೆಮಿಸ್ಟರಿನಲ್ಲಿ ಒಂದು ಸಂಜೆ 420 ರೂಪಾಯಿ ಎಂದು ಬಂತು. ಅಂಗಡಿಯ ಹೆಸರು ಓದಲು ಬರಲಿಲ್ಲ. ಅಕ್ಷರ ಇಂಗ್ಲಿಷಿನದು, ಹೆಸರು ಇಂಗ್ಲಿಷಿನದಲ್ಲ. ಶಾಲೆಯ ಕಂಪ್ಯೂಟರ್ ಮೇಷ್ಟ್ರನ್ನು ಕೇಳಿದೆ. ಅವರು ತಮ್ಮ ಫೋನಿನಲ್ಲಿ ಹುಡುಕಿ, ‘ಸಾರ್, ಇದು ಪಾಸ್ತಾ ಹೋಟ್ಲು. ಇಟಲಿ ತಿಂಡಿ’ ಎಂದರು. ಆ ತಿಂಗಳು ಅಂಥ ‘ಟಿಣ್’ ಏಳು ಬಾರಿ ಆಯಿತು. ಒಂದೊಂದು ಸಲ ಒಂದೊಂದು ಹೋಟ್ಲು. ನಗರದಲ್ಲಿ ಪಾಸ್ತಾ ಎಲ್ಲೆಲ್ಲಿ ಸಿಗುತ್ತದೆ ಎಂಬ ಪಟ್ಟಿ ನನ್ನ ಜೇಬಿನಲ್ಲೇ ತಯಾರಾಗುತ್ತಿತ್ತು.

ನಾನು ಗಣಿತದ ಮೇಷ್ಟ್ರು. ಮಾಲೂರು, ಶ್ರೀನಿವಾಸಪುರ, ಕೋಲಾರ ಎಲ್ಲ ಸುತ್ತಿ ಕೊನೆಗೆ ನನ್ನ ತಾಲ್ಲೂಕಿಗೇ ವರ್ಗವಾಗಿ ಬಂದವನು. ಸಂಖ್ಯೆ ಕಂಡರೆ ಕೂಡದೆ, ಭಾಗಿಸದೆ ಇರಲಾರೆ. ಆ ದಿನಗಳಲ್ಲಿ ಊರಿನಲ್ಲಿ ತಮ್ಮ ಟೊಮೆಟೊ ಕೀಳಿಸುತ್ತಿದ್ದ. ಹದಿನೈದು ಕಿಲೋ ಹಿಡಿಯುವ ಪೆಟ್ಟಿಗೆಗೆ ವಡ್ಡಹಳ್ಳಿ ಮಾರುಕಟ್ಟೆಯಲ್ಲಿ 70 ರೂಪಾಯಿ ಸಿಕ್ಕಿತ್ತು. ಅಂದರೆ ಒಂದು ತಟ್ಟೆ ಪಾಸ್ತಾಕ್ಕೆ ಆರು ಪೆಟ್ಟಿಗೆ. 90 ಕಿಲೋ ಟೊಮೆಟೊ. ಅದರಲ್ಲಿ ಕೀಳುವ ಕೂಲಿ, ಸಾಗಿಸುವ ಬಾಡಿಗೆ, ಕಮಿಷನ್ನು ಇನ್ನೂ ಕಳೆದಿಲ್ಲ. ಈ ಲೆಕ್ಕವನ್ನು ತಮ್ಮನಿಗೆ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳದೆ ಇಟ್ಟುಕೊಂಡ ಲೆಕ್ಕ ರಾತ್ರಿ ಹೊತ್ತು ದೊಡ್ಡದಾಗುತ್ತದೆ.

ಟೊಮೆಟೊ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಕೋಲಾರದ ಎ.ಪಿ.ಎಂ.ಸಿ. ಅಂಗಳ ಏಷ್ಯಾದಲ್ಲೇ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಸುಗ್ಗಿಯಲ್ಲಿ ಅಲ್ಲಿ ಬೆಳಗ್ಗೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ. ಉತ್ತರ ಭಾರತದ ಲಾರಿಗಳು ಸಾಲಾಗಿ ನಿಂತಿರುತ್ತವೆ. 2023ರ ಜುಲೈನಲ್ಲಿ ಇದೇ ಹದಿನೈದು ಕಿಲೋ ಪೆಟ್ಟಿಗೆ 2 ಸಾವಿರ ರೂಪಾಯಿ ದಾಟಿತ್ತು. ಹೊಲಕ್ಕೆ ರಾತ್ರಿ ಕಾವಲು ಇಟ್ಟಿದ್ದೆವು. ಆ ಲೆಕ್ಕದಲ್ಲಿ ಒಂದು ಪೆಟ್ಟಿಗೆಗೆ ಸುಮಾರು ಐದು ತಟ್ಟೆ ಪಾಸ್ತಾ ಬರುತ್ತಿತ್ತು. ಆದರೆ ಅಂಥ ಜುಲೈ ಹತ್ತು ವರ್ಷಕ್ಕೊಮ್ಮೆ ಬಂದರೆ ಪುಣ್ಯ. ಪೆಟ್ಟಿಗೆಗೆ 70 ರೂಪಾಯಿ ಸಿಗುವ ತಿಂಗಳು ಮಾತ್ರ ವರ್ಷವರ್ಷವೂ ತಪ್ಪದೆ ಬರುತ್ತದೆ. ಮಕ್ಕಳ ಫೀಸು ಕಟ್ಟುವ ತಿಂಗಳಿಗೇ ಅದು ಯಾಕೆ ಸರಿಯಾಗಿ ಬಂದು ಕೂರುತ್ತದೋ ಕಾಣೆ.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವನೇ ಬೆಂಗಳೂರು ಬಸ್ಸು ಹತ್ತಿದೆ. ಮಗಳಿಗೆ ಫೋನು ಮಾಡಲಿಲ್ಲ. ನೇರವಾಗಿ ಹೋಗಿ ಎದುರಿಗೆ ನಿಲ್ಲಬೇಕು, ಮುಖ ನೋಡಿ ಕೇಳಬೇಕು ಎಂದು ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಕೋಲಾರ ದಾಟಿ ನರಸಾಪುರದ ಕಾರ್ಖಾನೆಗಳ ಸಾಲು ಬರುವ ಹೊತ್ತಿಗೆ, ‘ಶನಿವಾರ’ ಎಂಬ ಮಾತು ಹೇಗೋ ತಲೆಯೊಳಗೆ ಸಿಕ್ಕಿಕೊಂಡಿತು. ಅಲ್ಲಿಂದ ಮುಂದೆ ನನ್ನ ಕೋಪಕ್ಕೆ ಸರಿಯಾದ ಚಾಲನೆ ಸಿಗಲೇ ಇಲ್ಲ.

ಸಂಗತಿ ಹೀಗಿದೆ. 1993ರಿಂದ ಮೂರು ವರ್ಷ ನಾನೂ ಬೆಂಗಳೂರಿನಲ್ಲೇ ಬಿ.ಎಸ್‌ಸಿ. ಓದಿದೆ. ಜಾತಿಯವರ ಹಾಸ್ಟೆಲಿನಲ್ಲಿ ಊಟ, ಅಪ್ಪ ಮನಿಯಾರ್ಡರಿನಲ್ಲಿ ಕಳಿಸುವ ನೂರೈವತ್ತು ರೂಪಾಯಿಯಲ್ಲಿ ಉಳಿದದ್ದೆಲ್ಲ. ನನ್ನ ಬೆಂಚಿನಲ್ಲಿ ಜಯನಗರದ ಇಬ್ಬರು, ಮಲ್ಲೇಶ್ವರದವನೊಬ್ಬ ಇದ್ದರು. ಒಳ್ಳೆಯ ಹುಡುಗರು. ಶನಿವಾರ ಮಧ್ಯಾಹ್ನ ತರಗತಿ ಮುಗಿದರೆ ಅವರು ಎಂ.ಜಿ. ರಸ್ತೆಯ ಕಡೆ ಹೊರಡುತ್ತಿದ್ದರು. ಆಗ ರೆಸಿಡೆನ್ಸಿ ರಸ್ತೆಯ ದೇವತಾ ಪ್ಲಾಜಾದಲ್ಲಿ ಕಾಸಾ ಪಿಕೋಲಾ ಎಂಬ ಹೋಟ್ಲಿತ್ತು; ಕಾಲೇಜು ಹುಡುಗರಿಗೆ ಅದು ತೀರ್ಥಕ್ಷೇತ್ರ. ಪಾಸ್ತಾ, ಸ್ಪಾಗೆಟ್ಟಿ, ಲಸಾನ್ಯ ಎಂಬ ಹೆಸರುಗಳನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಪ್ರತಿ ಶನಿವಾರವೂ ಅವರು ನನ್ನನ್ನು ಕರೆಯುತ್ತಿದ್ದರು.

ಮೊದಲ ಸಲ ಕರೆದಾಗ, ದುಡ್ಡಿಲ್ಲ ಎನ್ನಲು ನಾಲಿಗೆ ಹೊರಳದೆ, ‘ಇವತ್ತು ಶನಿವಾರ, ನನಗೆ ಒಪ್ಪೊತ್ತು’ ಎಂದುಬಿಟ್ಟೆ. ಅವರು ತಕ್ಷಣ ನಂಬಿದರು. ನಂಬದೆ ಏನು? ಮುಳಬಾಗಿಲಿನವನು, ಊರಲ್ಲಿ ಹೆಸರಾಂತ ಆಂಜನೇಯ. ಆ ಊರಿನ ಹುಡುಗ ಶನಿವಾರ ಒಪ್ಪೊತ್ತು ಮಾಡದೆ ಇನ್ಯಾರು ಮಾಡಬೇಕು? ಒಮ್ಮೆ ಹೇಳಿದ ಮೇಲೆ ಮುಗಿಯಿತಲ್ಲ, ಮೂರು ವರ್ಷ ನಡೆಸಬೇಕಾಯಿತು. ಶನಿವಾರ ಬೆಳಗ್ಗೆ ಕ್ಯಾಂಟೀನಿನ ಇಡ್ಲಿಯನ್ನೂ ಬಿಡಬೇಕಾಯಿತು. ಮಲ್ಲೇಶ್ವರದವನ ತಾಯಿ ನನಗಾಗಿಯೇ ಅವಲಕ್ಕಿ ಕಟ್ಟಿ ಕಳಿಸುತ್ತಿದ್ದರು. ಆ ಗೆಳೆಯರು ಈಗಲೂ ಹನುಮ ಜಯಂತಿಗೆ ತಪ್ಪದೆ ನನಗೆ ಶುಭಾಶಯ ಕಳಿಸುತ್ತಾರೆ. ನಾನೂ ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತೇನೆ. ಹೀಗಾಗಿ ಐವತ್ತು ತುಂಬುವವರೆಗೂ ಪಾಸ್ತಾ ಎಂಬುದು ನನ್ನ ಬಾಯಿಗೆ ಬಿದ್ದಿರಲಿಲ್ಲ.

ಸಂಜೆ ಆರಕ್ಕೆ ಹಾಸ್ಟೆಲಿನ ಗೇಟಿನಲ್ಲಿ ನಿಂತಾಗ ಮಗಳು ಓಡಿಬಂದಳು. ಸಣ್ಣಗಾಗಿದ್ದಾಳೆ ಅನ್ನಿಸಿತು. ಜೋಡಿಸಿಟ್ಟ ಮಾತುಗಳನ್ನೆಲ್ಲ ಬಿಟ್ಟು, ‘ಏಳು ಸಲ ಪಾಸ್ತಾ ತಿಂದೆಯಲ್ಲ, ಯಾವುದು ಚೆನ್ನಾಗಿತ್ತು?’ ಎಂದು ಕೇಳಿದೆ. ಅವಳು ಬೆಚ್ಚಲಿಲ್ಲ. ಒಳಗೆ ಹೋಗಿ ಒಂದು ನೋಟ್‌ಬುಕ್ಕು ತಂದಳು. ಅದರಲ್ಲಿ ಲೆಕ್ಕವೆಲ್ಲ ಬರೆದಿತ್ತು, ನನ್ನದಕ್ಕಿಂತ ಚೆನ್ನಾಗಿ.

‘ಅಪ್ಪ, ಅದು ನನ್ನೊಬ್ಬಳ ಊಟ ಅಲ್ಲ. ಖಾತೆಗೆ ನಿಮ್ಮ ನಂಬರ್ ಇದೆ. ಎಲ್ಲರ ಥರ ಫೋನಲ್ಲಿ ದುಡ್ಡು ಕಳಿಸೋಕೂ ಆಗಲ್ಲ, ತರಿಸಿಕೊಳ್ಳೋಕೂ ಆಗಲ್ಲ. ನಾನು ಕಾರ್ಡ್ ಉಜ್ಜಿ ಬಿಲ್ ಕೊಡ್ತೀನಿ, ಅವರು ತಮ್ಮ ಪಾಲನ್ನ ಕೈಗೆ ಕೊಡ್ತಾರೆ. ನೋಡಿ, 420ರಲ್ಲಿ ನನ್ನದು 140. ಮೂರು ಜನ ಎರಡು ಪ್ಲೇಟ್ ತಗೊಂಡು ಹಂಚಿಕೊಂಡ್ವಿ.’

ಅಂದರೆ ಮೂವತ್ತು ವರ್ಷ ಮಕ್ಕಳಿಗೆ ಜಮಾ, ಖರ್ಚು ಎರಡೂ ಕಾಲಂ ನೋಡಿ ಎಂದು ಪಾಠ ಮಾಡಿದ ಮೇಷ್ಟ್ರು ಖರ್ಚಿನ ಕಾಲಂ ಒಂದನ್ನೇ ನೋಡಿ ಬಸ್ಸು ಹತ್ತಿದ್ದ. ಆರು ಪೆಟ್ಟಿಗೆ ಎರಡಕ್ಕೆ ಇಳಿಯಿತು. ಸಮಾಧಾನವಾಯಿತು ಎನ್ನಬೇಕು, ಪೂರ್ತಿ ಆಗಲಿಲ್ಲ. ‘ಎರಡು ಪೆಟ್ಟಿಗೆಯಾದರೂ ಯಾಕೆ? ಮೆಸ್ಸಿನಲ್ಲಿ ಊಟ ಇದೆಯಲ್ಲ’ ಎಂದೆ. ಅವಳು ನೋಟ್‌ಬುಕ್ಕು ಮುಚ್ಚುತ್ತಾ ಹೇಳಿದಳು: ‘ಕರೀತಾರೆ ಅಪ್ಪ. ಹೋಗದೇ ಇದ್ರೆ ಇನ್ನೊಂದ್ಸಲ ಕರೀತಾರೆ. ಮೂರನೇ ಸಲ ಕರೆಯಲ್ಲ.’

ನನ್ನ ಗೆಳೆಯರು ಮೂರು ವರ್ಷ ಕರೆದರು. ಅದು ಅವರ ದೊಡ್ಡತನ. ಎಲ್ಲರಿಗೂ ಅಂಥವರು ಸಿಗುವುದಿಲ್ಲ. ಈ ವಾದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ನೆಂಟರ ಮನೆಯಲ್ಲಿ ಉಳಿದು, ಮರುದಿನ ಭಾನುವಾರ ಅವಳ ಜೊತೆ ನಾನೂ ಪಾಸ್ತಾ ತಿನ್ನುತ್ತೇನೆಂದು ಹಟ ಹಿಡಿದೆ. ಅವಳ ಇಬ್ಬರು ಗೆಳತಿಯರನ್ನೂ ಕರೆಯಲು ಹೇಳಿದೆ. ಈ ಸಲದ ‘ಟಿಣ್’ ನನ್ನದೇ.

ಮಹಾನಗರದಲ್ಲಿ ಪಾಸ್ತಾ ಎಲ್ಲಿ ಚೆನ್ನ ಎಂಬುದರ ಬಗ್ಗೆ ಆ ಮೂವರು ಹುಡುಗಿಯರಿಗಿದ್ದ ಜ್ಞಾನ ನೋಡಿ ದಂಗಾದೆ. ಯು.ಬಿ. ಸಿಟಿಯ ಟೊಸ್ಕಾನೊ ಅವರ ಪಟ್ಟಿಯಲ್ಲಿ ಮೇಲಿತ್ತು, ಆದರೆ ‘ಅದು ಕೆಲಸ ಸಿಕ್ಕ ಮೇಲೆ’ ಎಂಬ ಷರಾ ಇತ್ತು. ಮನೆಯಿಂದ ಸಸ್ಯಾಹಾರಿ ಹಿರಿಯರು ಬಂದರೆ ಕರೆದೊಯ್ಯಲು ಲಿಟಲ್ ಇಟಲಿ. ಅಲ್ಲಿ ಮೊಟ್ಟೆಯ ಭಯವೂ ಇಲ್ಲವಂತೆ. ಚರ್ಚ್ ಸ್ಟ್ರೀಟಿನಲ್ಲಿ ಪುಸ್ತಕದಂಗಡಿಗಳ ನಡುವೆ ಅಂಥವು ಹೆಜ್ಜೆಗೊಂದು. ಕಾಲೇಜಿನ ಹಿಂದಿನ ಬೀದಿಯಲ್ಲಿ ಗಾಡಿಯವನ ಮಸಾಲ ಪಾಸ್ತಾ 60 ರೂಪಾಯಿ. ಅದಕ್ಕೆ ಈರುಳ್ಳಿ, ದಪ್ಪಮೆಣಸಿನಕಾಯಿ, ಗರಂ ಮಸಾಲೆ ಬೀಳುತ್ತದೆ. ಇಟಲಿಯವರು ನೋಡಿದರೆ ಅಳುತ್ತಾರೆ ಎಂದು ಒಬ್ಬಳೆಂದಳು. ‘ಗಾಡಿಯದು ತಿಂದರೂ ಅಳ್ತಾರೆ, ಖಾರಕ್ಕೆ’ ಎಂದಳು ಇನ್ನೊಬ್ಬಳು.

ನಾವು ಮೊದಲು ಹೋದದ್ದು ಹೆಸರು ಹೇಳಬಾರದ ಒಂದು ದೊಡ್ಡ ಹೋಟ್ಲಿಗೆ. ದೀಪ ಮಂದ, ಮೆನು ಓದಲು ಫೋನಿನ ಟಾರ್ಚು ಹಾಕಬೇಕಾಯಿತು. ಬಿಳಿ ಸಾಸಿನ ಪಾಸ್ತಾ ಬಂತು. ಬಿಸಿ ಇರಲಿಲ್ಲ, ಹಾಲು, ಮೈದಾ, ಚೀಸು ಗಟ್ಟಿಯಾಗಿ, ಅಂಟಿನ ಡಬ್ಬಿಯೊಳಗೆ ಫೋರ್ಕು ಹಾಕಿದಂತಿತ್ತು. ಮೂವತ್ತು ವರ್ಷ ಕಾದದ್ದು ಇದಕ್ಕಾಗಿಯೇ ಎಂದುಕೊಂಡೆ. ಮಗಳಿಗೆ ನನ್ನ ಮುಖ ನೋಡಿ ಗೊತ್ತಾಯಿತೆಂದು ಕಾಣುತ್ತದೆ. ‘ಇದು ಲೆಕ್ಕಕ್ಕಿಲ್ಲ, ಬನ್ನಿ’ ಎಂದು ಮೆಟ್ರೊ ಹತ್ತಿಸಿ ಇಂದಿರಾನಗರಕ್ಕೆ ಕರೆದೊಯ್ದಳು. ಅಡ್ಡರಸ್ತೆಯೊಂದರಲ್ಲಿ ಆರೇ ಮೇಜಿನ ಚಿಕ್ಕ ಜಾಗ. ಅಲ್ಲಿ ಸ್ಪಾಗೆಟ್ಟಿ ತರಿಸಿದರು. ಬೆಳ್ಳುಳ್ಳಿ, ಎಣ್ಣೆ, ಕೆಂಪಗೆ ಕುದಿಸಿದ ಟೊಮೆಟೊ, ಮೇಲೊಂದಿಷ್ಟು ಕಾಮಕಸ್ತೂರಿಯ ಜಾತಿಯ ಎಲೆ. ಅಷ್ಟೇ.

ಒಂದು ತುತ್ತು ಬಾಯಿಗಿಟ್ಟಾಗ ಅದು ನಮ್ಮ ಟೊಮೆಟೊ ಎಂದು ತಿಳಿಯಿತು. ತಮಾಷೆಯಲ್ಲ. ಬಡಿಸುವ ಹುಡುಗನನ್ನು ಕೇಳಿದೆ: ‘ಟೊಮೆಟೊ ಎಲ್ಲಿಂದ ತರಿಸ್ತೀರಿ?’ ಅವನು ಒಳಗೆ ಹೋಗಿ ಕೇಳಿಕೊಂಡು ಬಂದು, ‘ಕೋಲಾರದ್ದಂತೆ ಸಾರ್’ ಎಂದ. ಮೂವರು ಹುಡುಗಿಯರೂ ನನ್ನ ಕಡೆ ನೋಡಿದರು. ನಾನು ಒಂದು ಹನಿ ಸಾಸನ್ನೂ ಬಿಡದೆ ತಟ್ಟೆ ಬಳಿದೆ. ತಮ್ಮ ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು.

ಅಂದಹಾಗೆ ಟೊಮೆಟೊ ಇಟಲಿಯದೂ ಅಲ್ಲ, ಕೋಲಾರದ್ದೂ ಅಲ್ಲ. ಅಮೆರಿಕಾ ಖಂಡದಿಂದ ಬಂದದ್ದು. ಇಟಲಿಯವರು ಅದನ್ನು ಪಾಸ್ತಾದ ಮೇಲೆ ಸುರಿಯಲು ಕಲಿತು ಹೆಚ್ಚೆಂದರೆ ಇನ್ನೂರು ಚಿಲ್ಲರೆ ವರ್ಷ. ಪಾಸ್ತಾ ಮಾತ್ರ ಹಳೆಯದು. ಮಾರ್ಕೋ ಪೋಲೊ ಚೀನಾದಿಂದ ತಂದ ಎಂದು ನಮ್ಮ ಕಾಲದಲ್ಲಿ ಹೇಳುತ್ತಿದ್ದರು. ಅವನು ವೆನಿಸ್ಸಿಗೆ ವಾಪಸಾದದ್ದು 1295ರಲ್ಲಿ. ಅದಕ್ಕೆ ಒಂದೂವರೆ ಶತಮಾನ ಮುಂಚೆಯೇ, 1154ರಲ್ಲಿ, ಅಲ್ ಇದ್ರೀಸಿ ಎಂಬ ಅರಬ್ ಭೂಗೋಳಜ್ಞ ಸಿಸಿಲಿಯ ಊರೊಂದರಲ್ಲಿ ಗೋಧಿಯ ಎಳೆಗಳನ್ನು ಒಣಗಿಸಿ ಹಡಗುಗಟ್ಟಲೆ ಹೊರಗೆ ಕಳಿಸುತ್ತಾರೆ ಎಂದು ಬರೆದಿದ್ದಾನೆ. ಸ್ಪಾಗೆಟ್ಟಿ ಎಂಬ ಹೆಸರು ಬಂದದ್ದು ದಾರ ಎಂಬರ್ಥದ ಮಾತಿನಿಂದ. ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡಬೇಕೆಂದು ಇಟಲಿಯಲ್ಲಿ 1967ರಲ್ಲಿ ಕಾನೂನೇ ಆಯಿತು. ಡ್ಯೂರಮ್ ಎಂದರೆ ಹೆದರಬೇಡಿ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಆ ಜಾತಿಯ ಗೋಧಿಯದೇ.

ಎಳೆಯನ್ನು ಪೂರ್ತಿ ಬೇಯಿಸಬಾರದು, ಹಲ್ಲಿಗೆ ಸ್ವಲ್ಪ ಸಿಗಬೇಕು ಎಂಬುದು ಅವರ ಶಾಸ್ತ್ರ. ನನಗೆ ಇದು ಹಿಡಿಸಿತು. ಆದರೆ ನನ್ನ ತಾಯಿಗೆ ಹೇಳಿದರೆ, ‘ಬೇಯಿಸೋಕೆ ಸೌದೆ ಇರಲಿಲ್ಲವೇನೋ’ ಎಂದಾಳು.

ಊಟ ಮುಗಿಯುವ ಹೊತ್ತಿಗೆ ಬಡಿಸುವ ಹುಡುಗ ಸಿಹಿ ಏನು ತರಲಿ ಎಂದ. ನಾನು ಹುಮ್ಮಸ್ಸಿನಲ್ಲಿ ‘ನಾಲ್ಕು ತನ್ನಿ’ ಎಂದೆ. ಜಯನಗರದಿಂದ ಬರುವ ಗೆಳತಿ, ‘ಮೂರು ಸಾಕು ಅಂಕಲ್. ಇವಳು ಸಿಹಿ ಮುಟ್ಟೋದೇ ಇಲ್ವಲ್ಲ, ನಿಮಗೆ ಗೊತ್ತಿಲ್ವಾ? ಚಿಕ್ಕಂದಿನಿಂದ ಆಗಲ್ಲವಂತೆ’ ಎಂದಳು.

ನಾನು ಮಗಳ ಮುಖ ನೋಡಿದೆ. ಅವಳು ನೀರಿನ ಲೋಟ ನೋಡುತ್ತಿದ್ದಳು. ಹಬ್ಬದ ದಿನ ಹೋಳಿಗೆಯ ಹೂರಣವನ್ನು ಕದ್ದು ಮುಷ್ಟಿಗಟ್ಟಲೆ ತಿಂದು ಬೈಸಿಕೊಳ್ಳುತ್ತಿದ್ದ ಹುಡುಗಿ ಇವಳು. ಮೆನುವಿನಲ್ಲಿ ಸಿಹಿಯ ಬೆಲೆ 260 ರೂಪಾಯಿ ಎಂದಿತ್ತು. ಅದನ್ನು ಹಂಚಿಕೊಳ್ಳುವಂತಿಲ್ಲ, ಒಬ್ಬರಿಗೊಂದು ಚಿಕ್ಕ ಬಟ್ಟಲು. ನಾನು ಏನೂ ಹೇಳಲಿಲ್ಲ. ‘ಹೌದಲ್ಲ, ಮರೆತೇಬಿಟ್ಟಿದ್ದೆ. ಮೂರು ತನ್ನಿ’ ಎಂದೆ. ನನ್ನ ಪಾಲಿನ ಬಟ್ಟಲು ಬಂದಾಗ ಅದರಲ್ಲಿ ಏನಿತ್ತು ಎಂದು ಈಗ ಕೇಳಿದರೆ ಹೇಳಲಾರೆ.

ವಾಪಸು ಬರುವ ಬಸ್ಸಿನಲ್ಲಿ ಹೊಸಕೋಟೆಯವರೆಗೂ ಒಂದೇ ಯೋಚನೆ. ನನ್ನ ಒಪ್ಪೊತ್ತು ಇವಳಿಗೆ ಹೇಗೆ ಗೊತ್ತಾಯಿತು? ಯಾರೂ ಹೇಳಿಲ್ಲ, ನಾನಂತೂ ಯಾರಿಗೂ ಹೇಳಿದವನಲ್ಲ. ಮರುದಿನ ಬ್ಯಾಂಕಿಗೆ ಹೋಗಿ ಅವಳ ನಂಬರನ್ನೇ ಖಾತೆಗೆ ಸೇರಿಸಲು ಅರ್ಜಿ ಕೊಟ್ಟೆ. ಈಗ ಜೇಬು ‘ಟಿಣ್’ ಎನ್ನುವುದಿಲ್ಲ. ಮೊದಲ ವಾರ ತೀರಾ ಬಿಕೋ ಅನ್ನಿಸಿತು, ಸುಳ್ಳೇಕೆ ಹೇಳಲಿ. ತಿಂಗಳ ಹಣಕ್ಕೆ ಮುನ್ನೂರು ಸೇರಿಸಿದೆ. ಯಾಕೆಂದು ಅವಳೂ ಕೇಳಲಿಲ್ಲ.

ಆಮೇಲೆ, ‘ಪರೀಕ್ಷೆ ಮುಗಿದ ಮೇಲೆ ಗೆಳತಿಯರನ್ನು ಊರಿಗೆ ಕರ್ಕೊಂಡು ಬಾ, ನಮ್ಮ ಕಡೆ ಪಾಸ್ತಾ ತಿನ್ನಿಸೋಣ’ ಎಂದೆ. ಅವಳು ಒಪ್ಪಲಿಲ್ಲ. ಮನೆಯ ಪಡಸಾಲೆ ತುಂಬ ಟೊಮೆಟೊ ಪೆಟ್ಟಿಗೆ, ಹಿಂದುಗಡೆ ಶೀಟಿನ ಮಾಡು, ಬಚ್ಚಲಿಗೆ ಹೊರಗೆ ಹೋಗಬೇಕು – ಇವನ್ನೆಲ್ಲ ಅವಳು ಹೇಳಲಿಲ್ಲ, ನನಗೆ ಕೇಳಿಸಿತು ಅಷ್ಟೆ. ಕೊನೆಗೆ ಜಯನಗರದ ಹುಡುಗಿಯೇ ಫೋನು ಮಾಡಿ, ‘ಅಂಕಲ್, ನಾವು ಬರ್ತೀವಿ’ ಎಂದಳು.

ನಮ್ಮ ಪಾಸ್ತಾ ಅಂದರೆ ಒತ್ತು ಶಾವಿಗೆ. ಕೊಡಗಿನವರು ನೂಪುಟ್ಟು ಅನ್ನುತ್ತಾರೆ, ಗಡಿಯಾಚೆ ಇಡಿಯಪ್ಪ. ಈ ಜಿಲ್ಲೆಯಲ್ಲಿ ಅದು ಎಲ್ಲಿ ಚೆನ್ನ ಎಂದು ಕೇಳಿದರೆ ಹೋಟ್ಲುಗಳ ಪಟ್ಟಿ ಕೊಡಲಾರೆ. ಹೋಟ್ಲುಗಳಲ್ಲಿ ಸಿಗುವುದು ಪಾಕೀಟಿನ ಶಾವಿಗೆಯ ಉಪ್ಪಿಟ್ಟು, ಅದಕ್ಕೆ ಶಾವಿಗೆ ಬಾತ್ ಎಂದು ಹೆಸರು. ಒತ್ತು ಶಾವಿಗೆ ಬೇಕಾದರೆ ಯಾರದಾದರೂ ಮನೆಯಲ್ಲಿ ಒರಳು ಇಳಿಸಿರಬೇಕು, ನಿಮ್ಮನ್ನು ಕರೆದಿರಬೇಕು. ವರ್ಗಾವಣೆಯ ಪುಣ್ಯದಿಂದ ನಾನು ನಾಲ್ಕೂ ತಾಲ್ಲೂಕಿನದು ಉಂಡಿದ್ದೇನೆ. ಮಾಸ್ತಿಯವರ ಸೀಮೆಯಾದ ಮಾಲೂರಿನಲ್ಲಿ ಮನೆಯೊಡತಿಯೊಬ್ಬರು ಗಸಗಸೆ ಅರೆದು ಹಾಕಿದ ಕಾಯಿಹಾಲಿನಲ್ಲಿ ಬಡಿಸುತ್ತಿದ್ದರು; ಉಂಡ ಮೇಲೆ ಮಧ್ಯಾಹ್ನದ ಮೊದಲ ಪಿರಿಯಡ್ ತೆಗೆದುಕೊಳ್ಳುವುದು ದೇವರಿಗೇ ಪ್ರೀತಿ. ಕೋಲಾರದಲ್ಲಿ ಅವರೆಕಾಯಿ ಕಾಲಕ್ಕೆ ಹಿತಕಿದ ಬೇಳೆ ಸಾರಿನ ಜೊತೆ. ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಬಂದರೆ ರಸಪುರಿ ಹಣ್ಣಿನ ಸೀಕರಣೆ. ಬೇರೆ ಊರಿನವರಿಗೆ ಶ್ರೀನಿವಾಸಪುರವೆಂದರೆ ಲಾರಿ ತುಂಬಿ ಹೋಗುವ ತೋತಾಪುರಿ, ಬಾದಾಮಿ; ನನಗೆ ಮಾತ್ರ ಬಿಸಿ ಶಾವಿಗೆಯ ಮೇಲೆ ತಣ್ಣನೆಯ ಸೀಕರಣೆ. ಮುಳಬಾಗಿಲಿನಲ್ಲಿ ನಮ್ಮ ಮನೆಯಲ್ಲಿ ಮೊದಲು ಕೋಳಿಸಾರು, ಆಮೇಲೆ ಕಾಯಿಹಾಲು. ರಂಜಾನಿನ ದಿನ ಪಕ್ಕದ ಮನೆಯಿಂದ ಸಣ್ಣ ಶಾವಿಗೆಯ ಶೀರ್ ಖುರ್ಮಾ ಬರುವುದು ಬೇರೆ ಬಾಬತ್ತು. ಅದಕ್ಕೆ ನಮ್ಮ ಮನೆಯಿಂದ ಯುಗಾದಿಗೆ ಹೋಳಿಗೆ ಸಲ್ಲುತ್ತದೆ.

ಮೇ ತಿಂಗಳ ಕೊನೆಯ ಭಾನುವಾರ ಮೂವರೂ ಬಂದಿಳಿದರು. ಮುಳಬಾಗಿಲಿಗೆ ಬಂದು ದೋಸೆ ತಿನ್ನದಿದ್ದರೆ ಪಾಪ ಬರುತ್ತದೆಂದು ಮೊದಲು ದೋಸೆ ತಿನ್ನಿಸಿದೆ. ಮನೆಗೆ ಬಂದಾಗ ಮಗಳು ಪೆಟ್ಟಿಗೆಗಳನ್ನು ಗೋಡೆಗೆ ಸರಿಸುತ್ತಾ ಇದ್ದಳು. ಗೆಳತಿಯರು ಅವುಗಳ ಮೇಲೆಯೇ ಬ್ಯಾಗಿಟ್ಟು ಕೂತರು.

ನನ್ನ ತಾಯಿಗೆ ಎಪ್ಪತ್ತೆಂಟು. ಹಿಂದಿನ ರಾತ್ರಿಯೇ ಅಕ್ಕಿ ನೆನೆಹಾಕಿದ್ದಳು. ನುಣ್ಣಗೆ ರುಬ್ಬಿ, ಬಾಣಲೆಯಲ್ಲಿ ಕಾಯಿಸಿ ಮುದ್ದೆ ಮಾಡಿ, ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಟ್ಟಳು. ಹುಡುಗಿಯರು ಯಾಕೆ ಇಷ್ಟು ಕಷ್ಟ, ಹಿಟ್ಟು ಕಲಸಿ ಒತ್ತಬಾರದೇ ಎಂದರು. ಇಲ್ಲಿ ಮೇಷ್ಟ್ರಿಗೆ ಅವಕಾಶ ಸಿಕ್ಕಿತು. ಗೋಧಿಯಲ್ಲಿ ಅಂಟಿನ ಅಂಶವಿದೆ, ಹಸಿ ಹಿಟ್ಟೇ ಎಳೆಯಾಗಿ ನಿಲ್ಲುತ್ತದೆ. ಅದಕ್ಕೇ ಪಾಸ್ತಾವನ್ನು ಒತ್ತಿ ಒಣಗಿಸಿ ಕಡೆಯಲ್ಲಿ ಬೇಯಿಸುತ್ತಾರೆ. ಅಕ್ಕಿಯಲ್ಲಿ ಆ ಅಂಟಿಲ್ಲ. ಅದರ ಪಿಷ್ಟ ಬಿಸಿಗೆ ಬೆಂದು ಹಿಗ್ಗಿ ಅಂಟಾದರೆ ಮಾತ್ರ ಎಳೆ ಹಿಡಿಯುತ್ತದೆ. ಆದ್ದರಿಂದ ನಮ್ಮದು ಮೊದಲು ಬೇಯುವುದು, ಆಮೇಲೆ ಒತ್ತುವುದು. ಆರಿದರೆ ಪಿಷ್ಟ ಬಿಗಿಯುತ್ತದೆ, ಒರಳು ಕೂರುವುದಿಲ್ಲ, ಎಳೆ ತುಂಡಾಗುತ್ತದೆ. ‘ಪಾಠ ಆಮೇಲೆ ಮಾಡುವಿಯಂತೆ, ಉಂಡೆ ತೇಲ್ತಾ ಇದೆ, ಬಾರೋ’ ಎಂದಳು ತಾಯಿ.

ನಮ್ಮ ಒರಳು ಮರದ್ದು, ಅಚ್ಚಿನ ಬಿಲ್ಲೆ ಹಿತ್ತಾಳೆಯದು. ಮೂರು ಕಾಲು, ಮೇಲೊಂದು ಉದ್ದನೆಯ ಸನ್ನೆ. ಬಿಸಿ ಉಂಡೆ ಹಾಕಿ ಸನ್ನೆಯ ತುದಿಗೆ ಒಬ್ಬರು ಜೋತುಬೀಳಬೇಕು. ಚಿಕ್ಕಂದಿನಲ್ಲಿ ಆ ಕೆಲಸ ನನ್ನದು ಮತ್ತು ತಮ್ಮನದು. ಇಬ್ಬರೂ ಸೇರಿದರೂ ಭಾರ ಸಾಲದೆ ಬೀದಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದರು. ಅಂಥವರು ಉಂಡೇ ಹೋಗುತ್ತಿದ್ದರು. ಈಗ ಜಯನಗರದವಳು ದುಪಟ್ಟಾ ಸೊಂಟಕ್ಕೆ ಕಟ್ಟಿ ಸನ್ನೆಗೆ ಜೋತುಬಿದ್ದಳು. ಒರಳು ಕಿರ್ರೆಂದಿತು. ಕೆಳಗಿನಿಂದ ಬಿಳಿ ಎಳೆಗಳು ಒಟ್ಟಿಗೇ ಇಳಿದವು. ತಾಯಿ ತಟ್ಟೆಯನ್ನು ಸುತ್ತ ತಿರುಗಿಸುತ್ತಾ ಹಿಡಿದಳು. ಹುಡುಗಿಯರು ಕೂಗಿಕೊಂಡರು. ಅಷ್ಟರಲ್ಲಿ ತಮ್ಮ ಹೊಲದಿಂದ ಬಂದ. ಇವರಿಗೆ ಅವನ ಟೊಮೆಟೊ ಇಂದಿರಾನಗರದಲ್ಲಿ ಪಾಸ್ತಾ ಆದ ಕಥೆ ಗೊತ್ತಲ್ಲ, ಮೂವರೂ ಒಟ್ಟಿಗೇ ಹೇಳತೊಡಗಿದರು. ಅವನು ಪೂರ್ತಿ ಕೇಳಿ, ‘ತಟ್ಟೆಗೆ ಎಷ್ಟು?’ ಎಂದ. ಯಾರೂ ಬಾಯಿ ಬಿಡಲಿಲ್ಲ. ಅವನೇ ನಕ್ಕು ಕೈಕಾಲು ತೊಳೆಯಲು ಹೋದ.

ಕೋಳಿಸಾರಿನದು ಮುಗಿದು ಎಲೆಗೆ ಎರಡನೆಯ ಸರದಿಯ ಶಾವಿಗೆ ಬಂತು. ಬೆಲ್ಲ, ಏಲಕ್ಕಿಯ ಕಾಯಿಹಾಲು ಒಂದು ಪಾತ್ರೆ, ಶ್ರೀನಿವಾಸಪುರದ ಗೆಳೆಯರು ಕಳಿಸಿದ ರಸಪುರಿಯ ಸೀಕರಣೆ ಇನ್ನೊಂದು ಪಾತ್ರೆ. ತಾಯಿ ಮೊಮ್ಮಗಳ ಎಲೆಗೆ ಕೇಳದೆಯೇ ಎರಡು ಸೌಟು ಸುರಿದಳು. ಅವಳು ಕೈ ಹಾಕುವುದಕ್ಕೂ ಜಯನಗರದವಳು, ‘ಅಜ್ಜಿ, ಅವಳಿಗೆ ಸಿಹಿ ಆಗಲ್ಲ!’ ಎನ್ನುವುದಕ್ಕೂ ಸರಿಹೋಯಿತು.

‘ಯಾರಿಗೆ, ಇವಳಿಗಾ?’ ಎಂದಳು ತಾಯಿ. ‘ಕಾಯಿಹಾಲಿನ ಪಾತ್ರೆಯೊಳಗೇ ಬಿದ್ದಿದ್ದಳು, ಮೂರು ವರ್ಷದವಳಿದ್ದಾಗ.’

ಮಗಳ ಕೈ ಎಲೆಯ ಮೇಲೆಯೇ ನಿಂತಿತು. ಕಿವಿಯವರೆಗೂ ಕೆಂಪಾದಳು. ಗೆಳತಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. ‘ಹಾಗಾದ್ರೆ ಇಷ್ಟು ದಿನ...’ ಎಂದು ಶುರುಮಾಡಿ ಅಲ್ಲಿಗೇ ಬಿಟ್ಟಳು. ಒಲೆಯಲ್ಲಿ ಸೌದೆ ಸಿಡಿಯುವುದು ಕೇಳಿಸುತ್ತಿತ್ತು. ಏನಾದರೂ ಹೇಳಬೇಕಿತ್ತು, ಮೂವತ್ತು ವರ್ಷ ಬಾಯಿ ಬಿಡದಿದ್ದುದು ಆಗ ಬಾಯಿಗೆ ಬಂತು.

‘ನಾನು ಬೆಂಗಳೂರಲ್ಲಿ ಓದುವಾಗ ಮೂರು ವರ್ಷ ಶನಿವಾರ ಒಪ್ಪೊತ್ತು ಮಾಡ್ತಿದ್ದೆ, ಗೊತ್ತೇನ್ರಮ್ಮ?’ ಎಂದೆ.

ತಾಯಿ ಒರಳಿಗೆ ಉಂಡೆ ತುಂಬುತ್ತಿದ್ದವಳು ತಲೆಯೆತ್ತಿದಳು. ‘ನೀನಾ? ಒಪ್ಪೊತ್ತಾ?’ ಎಂದಳು. ‘ಯಾವಾಗ?’

ಮೊದಲು ನಕ್ಕವಳು ಮಗಳು. ಜಯನಗರದವಳು ಸೀಕರಣೆಯ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಎಲೆಯ ಪಕ್ಕಕ್ಕೆ ತಂದಿಟ್ಟಳು. ‘ಉಂಡೆ ಆರಿಹೋಗ್ತದೆ, ಯಾರಾದ್ರೂ ಸನ್ನೆ ಹಿಡೀರಿ’ ಎಂದು ತಾಯಿ ಕೂಗಿದಳು. ನಾನು ಎದ್ದು ಹೋದೆ.